ಯಜಮಾನರ ಕಳ್ಳವೇಷ

ನಾಟಕದ ಕಂಪನಿ ನಡೆಸುವ ಯಜಮಾನ ಸಾಮಾನ್ಯವಾಗಿ ರಾಜನ ಪಾತ್ರವನ್ನು ತನಗೇ ಇಟ್ಟುಕೊಳ್ಳುತ್ತಾನೆ. ಪರದೆ ತನ್ನದು, ಹಾರ್ಮೋನಿಯಂ ತನ್ನದು, ಸಾಲವೂ ತನ್ನದು. ಕಿರೀಟ ಮಾತ್ರ ಇನ್ನೊಬ್ಬರ ತಲೆಗೇಕೆ? ನ್ಯಾಯವಾದ ಪ್ರಶ್ನೆಯೇ. ಗುಬ್ಬಿ ವೀರಣ್ಣನವರಿಗೆ ಮಾತ್ರ ಈ ನ್ಯಾಯ ರುಚಿಸಲಿಲ್ಲವೆಂದು ಕಾಣುತ್ತದೆ. ಅವರು ಹೆಸರಾದದ್ದು ಕಿರೀಟ ಇಟ್ಟುಕೊಂಡಲ್ಲ, ‘ಸದಾರಮೆ’ ನಾಟಕದ ಕಳ್ಳನಾಗಿ. ನೂರಾರು ಜನರ ಅನ್ನ ಯಾರ ಕೈಯಲ್ಲಿತ್ತೋ ಅದೇ ಮನುಷ್ಯ ರಾತ್ರಿಯಾದರೆ ಕಳ್ಳವೇಷ ಕಟ್ಟಿಕೊಂಡು ಬಂದು ಜನರಿಂದ ನಗಿಸಿಕೊಳ್ಳುತ್ತಿದ್ದರು. ಮೈಸೂರು ಅರಮನೆ ಅವರಿಗೆ ಬಿರುದು ಕೊಟ್ಟಿತು, ನಿಜ. ಆದರೆ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದದ್ದು ಬಿರುದು ನೋಡುವುದಕ್ಕಲ್ಲ.

ತಿಪಟೂರು ಕಡೆಯ ನಮ್ಮಜ್ಜಿ ಸದಾರಮೆಯ ಕತೆ ಹೇಳುವ ಕ್ರಮವೇ ಬೇರೆ. ರಾಜಕುಮಾರ, ಅವನ ಸಂಕಟ, ಗಂಡ ಹೆಂಡತಿಯ ಅಗಲಿಕೆ, ಇದೆಲ್ಲ ಅವಳ ಬಾಯಲ್ಲಿ ಎರಡು ಉಸಿರಿಗೆ ಮುಗಿದುಹೋಗುತ್ತಿತ್ತು. “ಆಮೇಲೆ ಕಳ್ಳ ಬಂದ ನೋಡು” ಎಂದಳೆಂದರೆ ಎಲೆ ಅಡಿಕೆ ಚೀಲ ಪಕ್ಕಕ್ಕಿಟ್ಟು ಸರಿಯಾಗಿ ಕೂರುತ್ತಿದ್ದಳು. ಸದಾರಮೆಯನ್ನು ಹೊತ್ತೊಯ್ದ ಕಳ್ಳ ಕಡೆಗೆ ಅವಳ ಜಾಣತನದ ಮುಂದೆ ತಾನೇ ಬೇಸ್ತು ಬೀಳುವ ಕತೆ ಅದು. ಅಜ್ಜಿ ಎರಡೂ ಕಡೆಯ ಮಾತನ್ನು ತಾನೇ ಆಡುತ್ತಿದ್ದಳು. ಅದರಲ್ಲಿ ಬೆಳ್ಳಾವೆ ನರಹರಿಶಾಸ್ತ್ರಿಗಳು ಬರೆದದ್ದೆಷ್ಟು, ವೀರಣ್ಣನವರು ರಂಗದ ಮೇಲೆ ನಿಂತ ನಿಲುವಿನಲ್ಲೇ ಸೇರಿಸಿದ್ದೆಷ್ಟು, ಅಜ್ಜಿ ನಮಗಾಗಿ ಹೊಸೆದದ್ದೆಷ್ಟು, ದೇವರೇ ಬಲ್ಲ. ಹಾಸ್ಯಗಾರರ ಆಸ್ತಿ ಹೀಗೇ ಪಾಲಾಗುತ್ತದೆ. ಪತ್ರ ಇಲ್ಲ, ಸಾಕ್ಷಿ ಇಲ್ಲ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಕಂಪನಿ ಹುಟ್ಟಿದ್ದು 1884ರಲ್ಲಿ. ಅಂದರೆ ವಯಸ್ಸಿನಲ್ಲಿ ಕಂಪನಿಯೇ ಅಣ್ಣ. ‘ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’ ಎಂಬುದು ಪೂರ್ತಿ ಹೆಸರು. ಅಷ್ಟುದ್ದ ಹೇಳುವ ಪುರುಸೊತ್ತು ಯಾರಿಗಿದೆ, ಜನ ‘ಗುಬ್ಬಿ ಕಂಪನಿ’ ಎಂದರು. ಹುಡುಗನಾಗಿದ್ದಾಗಲೇ ಅದರೊಳಗೆ ಸೇರಿದವರು ಮುಂದೆ ಅದರ ಒಡೆಯರಾದರು.

ಒಡೆಯರಾದ ಮೇಲೆ ಅವರ ಸಂಸಾರ ಎಲ್ಲಿ ಮುಗಿಯುತ್ತಿತ್ತು, ಕಂಪನಿ ಎಲ್ಲಿ ಶುರುವಾಗುತ್ತಿತ್ತು ಎಂದು ಗೆರೆ ಎಳೆಯುವುದು ಕಷ್ಟ. ಹೆಂಡತಿಯರಾದ ಸುಂದರಮ್ಮ, ಜಯಮ್ಮ ನಟಿಯರು, ಮಕ್ಕಳು ರಂಗದವರು, ಮೊಮ್ಮಗಳು ಬಿ. ಜಯಶ್ರೀ ಇವತ್ತಿಗೂ ರಂಗದವರೇ. ಒಂದಕ್ಕಿಂತ ಹೆಚ್ಚು ಮದುವೆಯಾದವರನ್ನು ಈಗಿನ ಕಾಲದಲ್ಲಿ ಆದರ್ಶ ಗೃಹಸ್ಥ ಎಂದು ಯಾರೂ ಕರೆಯಲಾರರು. ನಾನೂ ಆ ಸಾಹಸಕ್ಕೆ ಹೋಗುವುದಿಲ್ಲ. ಆದರೆ ಗಂಡಸರೇ ಸೀರೆಯುಟ್ಟು ರಾಣಿಯಾಗುತ್ತಿದ್ದ ದಿನಗಳಲ್ಲಿ ತಮ್ಮ ಮನೆಯ ಹೆಂಗಸರನ್ನೇ ರಂಗದ ಮೇಲೆ ನಿಲ್ಲಿಸಿದ್ದು ಸಣ್ಣ ಎದೆಗಾರಿಕೆಯಲ್ಲ. ಊರಿನವರ ಬಾಯಿಗೆ ಮೊದಲು ಸಿಕ್ಕುವುದು ಯಜಮಾನನ ಮನೆಯೇ ತಾನೆ.

ಇನ್ನು ಕಂಪನಿ ಎಂಬ ದೊಡ್ಡ ಸಂಸಾರ. ಕಂಪನಿ ನಾಟಕದ ದಿನಗಳಲ್ಲಿ ಸಂಬಳ ಹೆಚ್ಚು ಕಡಿಮೆ ಆಗುತ್ತಿತ್ತು, ಊಟ ತಪ್ಪುವಂತಿರಲಿಲ್ಲ. ಮೊಕ್ಕಾಂ ಬದಲಾದಾಗ ಸೀನರಿ, ಪೆಟ್ಟಿಗೆ, ಮಕ್ಕಳು ಮರಿಗಳ ಜೊತೆಗೆ ಅಡಿಗೆ ಪಾತ್ರೆಗಳೂ ರೈಲು ಹತ್ತುತ್ತಿದ್ದವು. ಮಳೆ ಹಿಡಿದು ನಾಟಕ ನಿಂತರೂ ಒಲೆ ನಿಲ್ಲುವಂತಿಲ್ಲ. ಗಲ್ಲಾಪೆಟ್ಟಿಗೆಗೆ ಕಾಸು ಬೀಳದ ದಿನವೂ ಭೀಮನಿಗೆ ಹಸಿವಾಗುತ್ತದೆ, ಪರದೆ ಎಳೆಯುವ ಹುಡುಗನಿಗೂ ಹಸಿವಾಗುತ್ತದೆ. ಇಂಥ ಲೆಕ್ಕದ ನಡುವೆ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನು ತಂದು ರಂಗದ ಮೇಲೆ ನಿಲ್ಲಿಸಿದರು. ಲಾಭ ನಷ್ಟ ಗೊತ್ತಿದ್ದವರು ಮಾಡುವ ಕೆಲಸವಲ್ಲ ಅದು. ಹಬ್ಬಕ್ಕೆ ಪಟಾಕಿ ತರುವಾಗ ಮಕ್ಕಳಿಗಿಂತ ಹೆಚ್ಚು ಕುಣಿಯುವ ಅಪ್ಪಂದಿರಿರುತ್ತಾರಲ್ಲ, ಆ ಜಾತಿ.

ಅವರ ಔದಾರ್ಯ ಎಂದಾಗ ನನಗೆ ಆನೆಗಿಂತ ಹೆಚ್ಚಾಗಿ ನೆನಪಾಗುವುದು ಒಬ್ಬ ಹುಡುಗ. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆ ಬಿಟ್ಟು ಬಂದು ಕಂಪನಿ ಸೇರಿದ್ದವನು. ಚುರುಕಿನ ಹುಡುಗ ಸಿಕ್ಕಿದರೆ ಯಜಮಾನರು ಸಾಮಾನ್ಯವಾಗಿ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತಾರೆ. ವೀರಣ್ಣನವರು ಅವನನ್ನು ಓದಲೆಂದು ಕಾಶಿಗೆ ಕಳಿಸಿದರು. ಎಂ.ಎ. ಮಾಡು, ಸಂಗೀತ ಕಲಿ ಎಂದು. ಅಲ್ಲಿ ಅವನು ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತ. ಆ ಹುಡುಗನೇ ಬಿ.ವಿ. ಕಾರಂತ. ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದದ್ದು, ಮೈಸೂರಿನ ರಂಗಾಯಣ ಕಟ್ಟಿದ್ದು ಎಲ್ಲರಿಗೂ ಗೊತ್ತು. ತಮ್ಮ ಕಂಪನಿಯ ನಾಟಕಗಳನ್ನು ಹಳತು ಮಾಡುವಂಥ ನಾಟಕ ಮುಂದೆ ಆಡಿಸಿದವನನ್ನು ತಾವೇ ಖರ್ಚು ಹಾಕಿ ಓದಿಸಿದ್ದು, ಇದಲ್ಲವೇ ತಮಾಷೆ! ಅದು ಮೊದಲೇ ತಿಳಿದಿದ್ದರೂ ಕಳಿಸುತ್ತಿದ್ದರೆಂದೇ ನನ್ನ ನಂಬಿಕೆ.

ರಾಜ್‌ಕುಮಾರ್ ಅವರ ಕತೆಯಲ್ಲೂ ಇದೇ ಮನೆಯ ಬಾಗಿಲಿದೆ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ಮಗ ಮುತ್ತುರಾಜನೂ ಅಲ್ಲೇ ಬೆಳೆದ. 1954ರಲ್ಲಿ ಅವನು ನಾಯಕನಾದ ‘ಬೇಡರ ಕಣ್ಣಪ್ಪ’ ತೆರೆಗೆ ಬಂದಾಗ ಅದರ ನಿರ್ಮಾಣದಲ್ಲೂ ಗುಬ್ಬಿಯ ಹೆಸರಿತ್ತು. ನರಸಿಂಹರಾಜು, ಜಿ.ವಿ. ಅಯ್ಯರ್, ಬಾಲಕೃಷ್ಣ, ಹೀಗೆ ಹೆಸರು ಹೇಳುತ್ತಾ ಹೋದರೆ ನಮ್ಮ ಹಳೆಯ ಸಿನಿಮಾದ ಅರ್ಧ ಊರು ಗುಬ್ಬಿ ಕಂಪನಿಯ ಅನ್ನ ಉಂಡದ್ದೇ.

ವೀರಣ್ಣನವರ ಆತ್ಮಕತೆಯ ಹೆಸರು ‘ಕಲೆಯೇ ಕಾಯಕ’. ಹೆಸರು ತುಸು ಗಂಭೀರವಾಯಿತು ಎಂದು ನನಗನ್ನಿಸುತ್ತದೆ. ಅಷ್ಟು ನಗಿಸಿದವರು ರಟ್ಟಿನ ಮೇಲಾದರೂ ಒಂದು ಕಣ್ಣು ಮಿಟುಕಿಸಬಹುದಿತ್ತು. 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡರು.

ಕಳ್ಳನ ಪಾತ್ರ ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಮೊಮ್ಮಗಳು ಜಯಶ್ರೀ ತಾತನ ಆ ವೇಷವನ್ನು ತಾವೇ ಹಾಕಿ ಸೈ ಎನಿಸಿಕೊಂಡರು. ನಿಮ್ಮೂರಲ್ಲೋ ಪಕ್ಕದೂರಲ್ಲೋ ಯಾರಾದರೂ ‘ಸದಾರಮೆ’ ಆಡುತ್ತಿದ್ದಾರೆಂದು ತಿಳಿದರೆ ಬಿಡಬೇಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂಡಿಸಿ. ಟಿಕೆಟ್ಟು ಮಾತ್ರ ಕೊಂಡೇ ಹೋಗಿ. ಒಳಗೆ ಇನ್ನೂ ಒಲೆ ಉರಿಯಬೇಕಲ್ಲ.