ಇರಲಿಕ್ಕೆ ಯಾವ ಊರು?

ಬ್ಯಾಂಕಿನ ನೌಕರಿ ಎಂದರೆ ವರ್ಗಾವಣೆ. ಮೂವತ್ತೈದು ವರ್ಷಗಳಲ್ಲಿ ನಾನು ಏಳು ಊರು ಸುತ್ತಿದೆ. ವಿಜಯಪುರದ ಬಿಸಿಲು ಕಂಡೆ, ಮಂಗಳೂರಿನ ಬಿಡದ ಮಳೆ ಕಂಡೆ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆ ಮಾಡಿದೆ. ಎಲ್ಲ ಕಡೆಯೂ ಬಾಡಿಗೆ ಮನೆ. ಗೋಡೆಗೆ ಒಂದು ಮೊಳೆ ಹೊಡೆಯಲಿಕ್ಕೂ ಮಾಲೀಕರನ್ನು ಕೇಳಬೇಕು. ನಿವೃತ್ತಿಯಾದಾಗ ಮೊದಲ ಸಲ ಊರನ್ನು ಆರಿಸುವ ಸರದಿ ನಮ್ಮದಾಯಿತು.

ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ. "ಇಲ್ಲಿಗೇ ಬಂದುಬಿಡಿ, ನಿಮಗಂತಲೇ ಒಂದು ಕೋಣೆ ಇಟ್ಟಿದ್ದೇವೆ" ಎಂದು ಇಬ್ಬರೂ ಕರೆದರು. ನನ್ನ ಮನಸ್ಸು ಮಾತ್ರ ಧಾರವಾಡದ ಕಡೆ ಎಳೆಯುತ್ತಿತ್ತು. ಅಲ್ಲಿನ ಕರ್ನಾಟಕ ಕಾಲೇಜಿನಲ್ಲಿ ನಾನು ಓದಿದ್ದು. ನನ್ನಾಕೆಯ ತವರೂ ಅದೇ.

"ಮನಸಿನ್ಯಾಗ ಇಟ್ಕೊಂಡು ಕುಂತ್ರ ಹೆಂಗ? ಒಂದು ಹಾಳ್ಯಾಗ ಬರೀರಿ" ಎಂದಳು ನನ್ನಾಕೆ.

ಹಾಳೆಯ ನಡುವೆ ಗೆರೆ ಎಳೆದೆ. ಒಂದು ಬದಿಗೆ ಬೆಂಗಳೂರು: ಮಗ-ಸೊಸೆ, ದೊಡ್ಡ ಆಸ್ಪತ್ರೆಗಳು, ಲಾಲ್‌ಬಾಗ್, ಮೆಟ್ರೊ. ಇನ್ನೊಂದು ಬದಿಗೆ ಧಾರವಾಡ: ಗೆಳೆಯರು, ಸಂಗೀತ, ಪುಸ್ತಕ, ನಡೆಯಲು ನೆರಳಿನ ರಸ್ತೆ. ಆಗ ಏಳು ವರ್ಷದವಳಾಗಿದ್ದ ಮೊಮ್ಮಗಳು ಬಂದು ಓದಿದಳು. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಬೆಂಗಳೂರಿನ ಪಟ್ಟಿಯ ಕೆಳಗೆ ದೊಡ್ಡದಾಗಿ "ನಾನು" ಎಂದು ಬರೆದು ಓಡಿಹೋದಳು.

ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಕೊನೆಗೆ, ಎರಡೂ ಊರಲ್ಲಿ ಮೂರು ಮೂರು ತಿಂಗಳು ಇದ್ದು ನೋಡೋಣ ಎಂದು ತೀರ್ಮಾನಿಸಿದೆವು.

ಬೆಂಗಳೂರಿನಲ್ಲಿ ನಮ್ಮ ಮನೆಯವರು ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಬೆಳಿಗ್ಗೆ ಏಳೂವರೆಗೆ ಮೊಮ್ಮಗಳು ಶಾಲೆಯ ಬಸ್ಸು ಹತ್ತುತ್ತಿದ್ದಳು. ಎಂಟೂವರೆಗೆ ಮಗ, ಸೊಸೆ ಹೊರಡುತ್ತಿದ್ದರು. ಆಮೇಲೆ ಸಂಜೆಯ ತನಕ ಹನ್ನೊಂದನೆಯ ಮಹಡಿಯಲ್ಲಿ ನಾವಿಬ್ಬರೇ. ರಸ್ತೆ ದಾಟಲು ನನಗೇ ಹೆದರಿಕೆ. ಮೊಣಕಾಲು ನೋವಿನ ನನ್ನಾಕೆಯಂತೂ ಕೆಳಗಿಳಿಯುವುದನ್ನೇ ಬಿಟ್ಟಳು. ಮೊಮ್ಮಗಳು ಬಂದು ಪಾಠ ಮುಗಿಸಿ ನಮ್ಮ ಜೊತೆ ಕೂರುತ್ತಿದ್ದ ಒಂದು ಗಂಟೆಗಾಗಿ ಇಡೀ ದಿನ ಗಡಿಯಾರ ನೋಡುತ್ತಿದ್ದೆವು.

ಧಾರವಾಡದಲ್ಲಿ ಮೊದಲ ವಾರವೇ ನನ್ನಾಕೆ ಕೈಚೀಲ ಹಿಡಿದು ತರಕಾರಿ ತರಲು ಹೊರಟಳು. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಬೇಕಾಯಿತು. ದಾರಿಯಲ್ಲಿ ಐದು ಜನ ನಿಲ್ಲಿಸಿ ಮಾತಾಡಿಸಿದ್ದರಂತೆ! "ಚಹಾ ಕುಡದು ಹೋಗ್ರಿ, ಅಕ್ಕಾರ" ಎಂದು ಒಬ್ಬರು ಮನೆಯೊಳಗೇ ಕರೆದಿದ್ದರು. ಅಂದು ಆಕೆ ಮೊಣಕಾಲಿನ ಮಾತೇ ಎತ್ತಲಿಲ್ಲ. ನನಗೆ ಉತ್ತರ ಸಿಕ್ಕಿತ್ತು.

ನನಗಾಗಿ ಈ ಊರು ಇಟ್ಟುಕೊಂಡಿರುವುದು ಬೇರೆಯೇ. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಕನ್ನಡಕ್ಕೆ ನೆಲೆ ಬೇಕೆಂದು 1890ರಲ್ಲಿ ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಇಂದಿಗೂ ಅಲ್ಲಿ ಸಂಜೆ ಹೋದರೆ ಒಂದಲ್ಲ ಒಂದು ಭಾಷಣ ಕೇಳಬಹುದು. ಸುಭಾಸ ರಸ್ತೆಯ 'ಅಟ್ಟ'ದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆ ಇದೆ. ಗಿರೀಶ ಕಾರ್ನಾಡರ ನಾಟಕಗಳು ಪುಸ್ತಕವಾಗಿ ಹೊರಬಂದದ್ದು ಅಲ್ಲಿಂದ. ಸಾಧನಕೇರಿಯ ದಂಡೆಗೆ ನಡೆದರೆ ವರಕವಿ ಬೇಂದ್ರೆಯವರ ಮನೆ. ಪಂಡಿತ ಮಲ್ಲಿಕಾರ್ಜುನ ಮನಸೂರರ 'ಮೃತ್ಯುಂಜಯ' ಎಂಬ ಮನೆ ಈಗ ಅವರ ಸ್ಮಾರಕ. ಸಂಗೀತ ಕಛೇರಿಗೆ ಟಿಕೇಟು ಇಲ್ಲದೆ, ಜಮಖಾನೆಯ ಮೇಲೆ ಕೂತು ಕೇಳುವ ಭಾಗ್ಯ ಇಲ್ಲಿ ಆಗಾಗ ಸಿಗುತ್ತದೆ.

ಪೇಡೆಯನ್ನು ಮರೆತರೆ ಮಕ್ಕಳು ಜಗಳಕ್ಕೆ ಬರುತ್ತೀರಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನದವರು ಇದನ್ನು ಇಲ್ಲಿ ಹೆಸರುವಾಸಿ ಮಾಡಿದರು. ಖೋವಾವನ್ನು ಕಂದು ಬಣ್ಣ ಬರುವ ತನಕ ಹುರಿದು, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಲೈನ್ ಬಜಾರಿನಲ್ಲಿ ಕಾಲಿಟ್ಟರೆ ಆ ವಾಸನೆಯೇ ಅಂಗಡಿಯ ದಾರಿ ತೋರಿಸುತ್ತದೆ.

ಹಾಗೆಂದು ಎಲ್ಲವೂ ಚೆಂದ ಎಂದರೆ ಸುಳ್ಳಾದೀತು. ನಮ್ಮ ಓಣಿಗೆ ನಲ್ಲಿನೀರು ದಿನಾ ಬರುವುದಿಲ್ಲ. ಬಂದ ದಿನ ಹಂಡೆ, ಕೊಡ, ಟಾಕಿ ಎಲ್ಲ ತುಂಬಿಸಿಕೊಳ್ಳಬೇಕು. ಓದಿದ ಹುಡುಗರು ಕೆಲಸ ಹುಡುಕಿಕೊಂಡು ಊರು ಬಿಡುತ್ತಾರೆ. ನಮ್ಮ ಮಗನೂ ಹಾಗೇ ಹೋದವನು. ಕಳೆದ ವರ್ಷ ಮೊಮ್ಮಗಳಿಗೆ ಜ್ವರ ಬಂದು ಆಸ್ಪತ್ರೆ ಸೇರಿದಾಗ ನಾವು ರಾತ್ರಿಯೆಲ್ಲ ರೈಲಿನಲ್ಲಿ ಕೂತು ಹೋಗಬೇಕಾಯಿತು. ಆ ರಾತ್ರಿ ನಾನು ಮಾಡಿದ್ದು ತಪ್ಪೇನೋ ಎಂದು ಅನ್ನಿಸಿತ್ತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ.

ಈ ಏಪ್ರಿಲ್‌ನಲ್ಲಿ ಮೊಮ್ಮಗಳು ರಜೆಗೆ ಬಂದಿದ್ದಳು. ಒಂದು ಸಂಜೆ ಗುಡುಗಿ ಅಡ್ಡಮಳೆ ಸುರಿಯಿತು. ಕಟ್ಟೆಯ ಮೇಲೆ ಕೂತು ಅವಳಿಗೆ ಈ ಊರಿನ ಒಂದು ಸೋಜಿಗ ಹೇಳಿದೆ. ಧಾರವಾಡ ಇರುವುದು ಎತ್ತರದ ಏಣಿನ ಮೇಲೆ. ಪೂರ್ವದ ಇಳಿಜಾರಿಗೆ ಬಿದ್ದ ಮಳೆ ಹಳ್ಳ ಹಿಡಿದು ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಮುಂದೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆಯ ಜೊತೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆಯ ಹತ್ತಿರ ಅರಬ್ಬೀ ಸಮುದ್ರ ಸೇರುತ್ತದೆ.

"ಒಂದೇ ಮೋಡದ ನೀರು ಎರಡು ಸಮುದ್ರಕ್ಕಾ ಅಜ್ಜ?" ಎಂದು ಕಣ್ಣರಳಿಸಿದಳು.

"ಹೌದವ್ವಾ."

ಸ್ವಲ್ಪ ಹೊತ್ತು ಮಳೆ ನೋಡುತ್ತ ಕೂತವಳು ಕೇಳಿದಳು, "ಆ ಹಾಳೆ ಇನ್ನೂ ಇದೆಯಾ?"

ಕಪಾಟಿನಿಂದ ತಂದುಕೊಟ್ಟೆ. ಬೆಂಗಳೂರಿನ ಕೆಳಗಿದ್ದ "ನಾನು" ಹಾಗೇ ಇತ್ತು. ಅದನ್ನು ಅಳಿಸಲಿಲ್ಲ. ಧಾರವಾಡದ ಕೆಳಗೂ "ನಾನು" ಎಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ "ರಜೆಯಲ್ಲಿ" ಎಂದು ಸೇರಿಸಿದಳು.

"ನಿಮಗೆ ನಡೆಯೋಕೆ ಆಗದೇ ಇದ್ದಾಗ ಬೆಂಗಳೂರಿಗೆ ಬರ್ತೀರಾ?"

ನಾನು ನನ್ನಾಕೆಯ ಮುಖ ನೋಡಿದೆ. "ಬರ್ತೀವವ್ವಾ. ಅಲ್ಲೀತನಕಾ ನೀ ಬಾ" ಎಂದಳು ಆಕೆ.

ಹಾಳೆಯನ್ನು ಮಡಿಚಿ ಮತ್ತೆ ಕಪಾಟಿನಲ್ಲಿಟ್ಟಿದ್ದೇನೆ.

ಮಕ್ಕಳೇ, ನಿಮ್ಮ ಮನೆಯ ಮುಂದೆ ಬಿದ್ದ ಮಳೆ ಯಾವ ನದಿ ಸೇರುತ್ತದೆ? ಗೊತ್ತಿಲ್ಲದಿದ್ದರೆ ಅಜ್ಜ, ಅಜ್ಜಿಯ ಪಕ್ಕ ಕೂತು ಕೇಳಿ. ಹಾಗೆಯೇ, ಅವರಿಗೆ ಯಾವ ಊರು ಇಷ್ಟ ಎಂಬುದನ್ನೂ ಕೇಳಿಬಿಡಿ.