ಮಲ್ಲಯ್ಯನ ಕಾಲುದಾರಿಯಲ್ಲಿ ಒಂದು ಹಗಲು

ಕತಾರಿನಲ್ಲಿ ನಡೆಯುವುದಕ್ಕೂ ಒಂದು ಋತು ಬೇಕು. ನಾನಿರುವ ದೋಹಾ ಅಲ್ ಜದೀದಾ ಹೆಸರಿಗೆ ‘ಹೊಸ ದೋಹಾ’, ನೋಡಲು ಹಳೆಯ ಬಡಾವಣೆ. ಚಳಿಗಾಲದ ಸಂಜೆಗಳಲ್ಲಿ ಇಲ್ಲಿಂದ ಕಾರ್ನಿಷ್ ಕಡೆಗೆ ಹೊರಟರೆ ನಡೆದಷ್ಟೂ ಹಿತ. ಬೇಸಿಗೆ ಬಂತೆಂದರೆ ಮನೆಯಿಂದ ಮೆಟ್ರೋ ನಿಲ್ದಾಣದವರೆಗೆ ಹೋಗುವುದೂ ಒಂದು ಸಾಹಸವೇ. 2021ರ ನಿಯಮದಂತೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಬಿಸಿಲು ಮನುಷ್ಯನ ದೇಹವನ್ನು ಏನು ಮಾಡುತ್ತದೆ ಎಂಬುದನ್ನು ನಾನು ಎಂ.ಡಿ. ಪುಸ್ತಕಗಳಿಗಿಂತ ಹೆಚ್ಚಾಗಿ ಈ ಊರಿನಲ್ಲಿ ಕಲಿತೆ.

ಇಂಥ ನನಗೆ 2025ರ ಮಾರ್ಚ್‌ನಲ್ಲಿ ವಿಜಯಪುರದ ಬಾಲ್ಯದ ಗೆಳೆಯನಿಂದ ಫೋನ್ ಬಂತು. “ಲೇ, ಈ ಸಲ ಶ್ರೀಶೈಲಕ್ಕ ನಡಕೋತ ಹೋಗಬೇಕಂದ್ರ ಮಗ ಬಿಡವಲ್ಲ. ಡಾಕ್ಟರ್ ಜೋಡಿ ಇದ್ರ ಅಷ್ಟ ಹೋಗು ಅಂತಾನ. ಡಾಕ್ಟರ್ ಅಂದ್ರ ನೀನ ಅಲಾ, ರಜಾ ಹಾಕಿ ಬಾ!”

ಮಗನ ಭಯಕ್ಕೆ ಕಾರಣವಿತ್ತು. ಗೆಳೆಯನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹಿಂದಿನ ವರ್ಷ ಕಾಲ್ಬೆರಳಿನ ಹುಣ್ಣು ಮಾಯಲು ಮೂರು ತಿಂಗಳು ಹಿಡಿದಿತ್ತು. ಕೊನೆಗೆ ಆದ ಒಪ್ಪಂದವಿದು: ಊರಿನಿಂದ ಆತ್ಮಕೂರಿನವರೆಗೆ ವಾಹನ, ಕಾಡಿನ ದಾರಿ ಮಾತ್ರ ಕಾಲ್ನಡಿಗೆ, ಮತ್ತು ಕಾಲಿಗೆ ಬೂಟು. ಕೊನೆಯ ಷರತ್ತಿಗೆ ಅವನು ಮನಸ್ಸಿಲ್ಲದೆ ಹೂಂ ಅಂದಿದ್ದ. ಹಿಂದೆ ಒಂಬತ್ತು ಸಲ ಬರಿಗಾಲಲ್ಲಿ ನಡೆದವನು.

ದಕ್ಷಿಣ ಕರ್ನಾಟಕದ ಓದುಗರಿಗೆ ಈ ಪಾದಯಾತ್ರೆಯ ಪರಿಚಯ ಕಡಿಮೆಯಿರಬಹುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಮುಂತಾದ ಜಿಲ್ಲೆಗಳಿಂದ ಲಕ್ಷಾಂತರ ಜನ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಕೆಲವರಿಗೆ ನೂರಾರು ಕಿಲೋಮೀಟರ್ ದಾರಿ. ಹೆಗಲ ಮೇಲೆ ಕಂಬಿ ಹೊತ್ತವರುಂಟು, ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ದಾರಿಯುದ್ದಕ್ಕೂ ಊರಿನವರು ಪೆಂಡಾಲು ಹಾಕಿ ಊಟ, ಮಜ್ಜಿಗೆ, ನೀರು ಕೊಡುತ್ತಾರೆ. ನಡೆದು ಬಂದವರ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಭ್ರಮರಾಂಬೆ ಕನ್ನಡ ನಾಡಿನ ಮಗಳು, ಮಲ್ಲಿಕಾರ್ಜುನ ಅಳಿಯ ಎಂಬುದು ಇವರ ನಂಬಿಕೆ. ಹಬ್ಬಕ್ಕೆ ಮಗಳ ಮನೆಗೆ ಬರಿಗೈಯಲ್ಲಿ ಹೋಗಲಾದೀತೇ? ಆದ್ದರಿಂದ ಗಂಟಿನಲ್ಲಿ ಸೀರೆ, ಕುಪ್ಪಸದ ಖಣ, ಅರಿಸಿನ ಕುಂಕುಮ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಹೋದದ್ದೂ ಇದೇ ಬೆಟ್ಟಕ್ಕೆ.

ಆತ್ಮಕೂರು ದಾಟಿ ವೆಂಕಟಾಪುರದಲ್ಲಿ ಡಾಂಬರು ರಸ್ತೆ ಬಿಟ್ಟರೆ ನಲ್ಲಮಲ ಕಾಡು. ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಅಭಯಾರಣ್ಯವಾದ್ದರಿಂದ ಶಿವರಾತ್ರಿ ಮತ್ತು ಯುಗಾದಿಯ ಸಮಯದಲ್ಲಷ್ಟೇ ಯಾತ್ರಿಕರಿಗೆ ಈ ದಾರಿ ಬಿಡುತ್ತಾರೆ. ಮೊದಲ ದಿನ ನಾಗಲೂಟಿಯ ವೀರಭದ್ರನ ಗುಡಿ ದಾಟಿ ಪೆಚ್ಚೆರುವು ಸೇರಿ ಮಲಗಿದೆವು. ಚೆಂಚು ಜನರ ಹಳ್ಳಿಯಿರುವ ಜಾಗವದು.

ನಾನು ಹೇಳಹೊರಟಿರುವುದು ಮರುದಿನದ ಕಥೆ. ಬೆಳಗಿನ ನಾಲ್ಕಕ್ಕೆ ಬ್ಯಾಟರಿ ಹಿಡಿದು ಹೊರಟೆವು. ಹೊರಡುವ ಮುಂಚೆ ಅವನ ಸಕ್ಕರೆ ಪರೀಕ್ಷಿಸಿ, ಅಂಗಾಲು ನೋಡಿ, ಮಾತ್ರೆಯ ಪ್ರಮಾಣವನ್ನು ನಡಿಗೆಗೆ ತಕ್ಕಂತೆ ತಗ್ಗಿಸಿದೆ. ಜೇಬಿನಲ್ಲಿ ಬೆಲ್ಲದ ತುಂಡು. ದಿನವಿಡೀ ನಡೆಯುವಾಗ ಸಕ್ಕರೆ ಏರುವುದಕ್ಕಿಂತ ದಿಢೀರನೆ ಇಳಿಯುವುದೇ ಅಪಾಯ. “ನಾ ದೇವರಿಗಿ ಹೊಂಟೀನೋ, ಆಪರೇಷನ್‌ಗಿ ಹೊಂಟೀನೋ?” ಎಂದು ಅವನು ನಕ್ಕ.

ಮಠಂಬಾವಿ ದಾಟುವಷ್ಟರಲ್ಲಿ ಬೆಳಕಾಯಿತು. ಎಲೆ ಉದುರಿದ ಮರಗಳು, ಕೆಂಪು ಮಣ್ಣು, ಉರುಟು ಕಲ್ಲು. ಹಿಂದೆ ಮುಂದೆ ಜನವೋ ಜನ. ನಮ್ಮ ಕಡೆಯ ಮಾತು ಕಿವಿತುಂಬ ಕೇಳಿ, ನಾನು ಆಂಧ್ರದ ಕಾಡಿನಲ್ಲಿದ್ದೇನೆ ಎಂಬುದೇ ಮರೆತುಹೋಗಿತ್ತು. ಒಂಬತ್ತರ ಹೊತ್ತಿಗೆ ಬಿಸಿಲು ಚುರುಗುಟ್ಟತೊಡಗಿತು. ಬಾಯಾರಿಕೆಗೆ ಕಾಯದೆ ಆಗಾಗ ನಾಲ್ಕು ಗುಟುಕು ನೀರು, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ, ತಲೆಗೆ ಒದ್ದೆ ಟವೆಲ್. ದೋಹಾದಲ್ಲಿ ರೋಗಿಗಳಿಗೆ ಹೇಳುವುದನ್ನೇ ಇಲ್ಲಿ ನಾವಿಬ್ಬರೂ ಮಾಡಿದೆವು.

ಭೀಮುನಿ ಕೊಲನು ಆಳವಾದ ಕಣಿವೆ. ಇಳಿದ ಮೇಲೆ ಎದುರಿನ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಕೆಳಗೆ ನೆರಳಿನಲ್ಲಿ ಕುಳಿತು ಅವನ ಬೂಟು ಬಿಚ್ಚಿಸಿದೆ. ಅಟ್ಟೆಯನ್ನು ತೂರಿಕೊಂಡು ಒಂದು ಮುಳ್ಳು ಒಳಗೆ ಇಣುಕಿತ್ತು! ಕಾಲುಚೀಲ ಹರಿದು, ಹೆಬ್ಬೆರಳ ಬುಡದಲ್ಲಿ ಚರ್ಮ ತರಚಿತ್ತು. ಎಷ್ಟು ಹೊತ್ತಿನಿಂದ ಚುಚ್ಚುತ್ತಿತ್ತೋ, ಅವನಿಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ನರಗಳನ್ನು ತಿಂದಾಗ ಮೊದಲು ಹೋಗುವುದು ಕಾಲಿನ ನೋವು. ನೋವಿಲ್ಲವೆಂದರೆ ಕಾವಲುಗಾರನಿಲ್ಲವೆಂದೇ ಅರ್ಥ. ಮುಳ್ಳು ಕಿತ್ತು, ಗಾಯ ತೊಳೆದು ಪಟ್ಟಿ ಹಾಕಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇನ್ನ ಮ್ಯಾಲಿನ ಪಾವಟಿಗಿ ಅಷ್ಟ ಬರಿಗಾಲಿಲೆ ಹತ್ತತೀನಿ. ಅಷ್ಟರ ಬಿಡೋ” ಎಂದ. ಅವನ ಕಣ್ಣು ತುಂಬಿತ್ತು.

ವೈದ್ಯನಾಗಿ ಉತ್ತರ ಸುಲಭ, ಗೆಳೆಯನಾಗಿ ಕಷ್ಟ. ಆ ಮೆಟ್ಟಿಲುಗಳ ಮೇಲೆ ಬರಿಗಾಲಲ್ಲಿ ಹೋಗುತ್ತಿದ್ದ ಸಾವಿರಾರು ಜನರ ನಡುವೆ ಅವನೊಬ್ಬನಿಗೆ ಬೇಡ ಎಂದು ಹೇಗೆ ಹೇಳಲಿ? ಆದರೂ ಹೇಳಿದೆ: “ಈ ಗಾಯ ಕೆಟ್ಟರ ಬೆರಳು ತೆಗೀಬೇಕಾಗ್ತದ.” ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರು ಎಲ್ಲ ಕೇಳಿಸಿಕೊಂಡಿದ್ದರು. “ಬೂಟ ಹಾಕ್ಕೋ ಯಪ್ಪಾ. ಮಗಳ ಮನಿಗಿ ಹೊಂಟಾವ ಕಾಲ ಕಳಕೊಂಡು ಹೋದ್ರ ಮಗಳರ ಸಂತೋಷ ಪಡ್ತಾಳೇನು?” ಎಂದು ತಮ್ಮ ಗಂಟು ಎತ್ತಿಕೊಂಡು ಹೊರಟೇಬಿಟ್ಟರು. ನನ್ನ ಇಷ್ಟು ವರ್ಷಗಳ ವೈದ್ಯಕೀಯ ಮಾಡಲಾಗದ್ದನ್ನು ಆ ಒಂದು ಮಾತು ಮಾಡಿತು. ಅವನು ಸುಮ್ಮನೆ ಬೂಟಿನ ದಾರ ಕಟ್ಟಿದ.

ಏರು ನಿಜಕ್ಕೂ ಕಠಿಣ. ಹತ್ತು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಂಡೆವು. ಕೈಲಾಸದ್ವಾರ ತಲುಪಿದಾಗ ಅಪರಿಚಿತರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ಅಲ್ಲಿಂದ ಹಾಟಕೇಶ್ವರದ ಮೂಲಕ ಶ್ರೀಶೈಲ ಸೇರುವಾಗ ಸಂಜೆಯಾಗಿತ್ತು. ಗುಡಿಯ ಬಳಿ ಎಲ್ಲರಂತೆ ಅವನೂ ಬೂಟು ಕಳಚಿದ. ಗಾಯದ ಪಟ್ಟಿಯ ಮೇಲೆ ದಪ್ಪ ಕಾಲುಚೀಲ ಮಾತ್ರ ಉಳಿಯಿತು. ಅದಕ್ಕೆ ನಾನೂ ತಕರಾರು ಮಾಡಲಿಲ್ಲ.

ದೋಹಾದಲ್ಲಿ ನನ್ನ ಮುಂದೆ ಕುಳಿತುಕೊಳ್ಳುವ ನಮ್ಮವರಲ್ಲಿ ಸಕ್ಕರೆ ಕಾಯಿಲೆಯವರು ಕಡಿಮೆಯೇನಿಲ್ಲ. ಅವರಿಗೆ ನನ್ನದೊಂದೇ ವಿನಂತಿ: ದಿನವೂ ನಡೆಯಿರಿ, ರಾತ್ರಿ ಮಲಗುವ ಮುನ್ನ ಕಾಲು ತೊಳೆದು, ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಬೂಟು ಹಾಕುವ ಮುನ್ನ ಒಳಗೆ ಕೈಯಾಡಿಸಿ.

ಗೆಳೆಯನ ಗಾಯ ಹತ್ತು ದಿನದಲ್ಲಿ ಮಾಯಿತು. ಈಗ ಪ್ರತಿ ಶುಕ್ರವಾರ ಫೋನಿನಲ್ಲಿ ಅಂಗಾಲಿನ ಫೋಟೋ ಕಳಿಸುತ್ತಾನೆ. ಕೆಳಗೆ ಒಂದೇ ಸಾಲು: “ಪಾಸೋ, ಫೇಲೋ?”