ಕಡಲೂರಿನ ಶಿಲ್ಪಿಯ ಮನೆ

ಮನೆಗೆಲಸದ ನಡುವೆ ನಮಗೆಲ್ಲಿ ಬಿಡುವು ಅನ್ನುತ್ತೀರಲ್ಲವೇ, ಸೋದರಿಯರೇ? ಹಾಗಾದರೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿನಲ್ಲಿ ಬಾರ್ಬರಾ ಹೆಪ್‌ವರ್ತ್ ಅವರ ಮನೆಯನ್ನೊಮ್ಮೆ ನೋಡಬೇಕು.

1903ರಲ್ಲಿ ಹುಟ್ಟಿದ ಈ ಶಿಲ್ಪಿಗೆ ನಾಲ್ವರು ಮಕ್ಕಳು. ಅವರಲ್ಲಿ ಮೂವರು 1934ರಲ್ಲಿ ಒಂದೇ ಹೆರಿಗೆಯಲ್ಲಿ ಹುಟ್ಟಿದವರು! 1939ರಲ್ಲಿ, ಯುದ್ಧ ಶುರುವಾಗುವ ಹೊತ್ತಿಗೆ, ಸಂಸಾರ ಸಮೇತ ಈ ಊರಿಗೆ ಬಂದರು. ಹಗಲೆಲ್ಲ ಶಿಶುವಿಹಾರ ನಡೆಸುವುದು, ತರಕಾರಿ ಬೆಳೆಯುವುದು. ಚಿತ್ರ ಬರೆಯಲು ಸಿಗುತ್ತಿದ್ದುದು ರಾತ್ರಿ ಮಾತ್ರ. ಆದರೂ ಬಿಡಲಿಲ್ಲ. 1964ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಂದೆ ನಿಂತ 21 ಅಡಿ ಎತ್ತರದ ಕಂಚಿನ ಶಿಲ್ಪ ಇವರದೇ.

1949ರಲ್ಲಿ ಕೊಂಡ ಈ ಮನೆಯಲ್ಲೇ 1975ರಲ್ಲಿ ಬೆಂಕಿ ಅನಾಹುತಕ್ಕೆ ಸಿಕ್ಕಿ ತೀರಿಕೊಂಡರು. ಅವರ ಇಚ್ಛೆಯಂತೆ ಮರುವರ್ಷ ಅದು ಮ್ಯೂಸಿಯಂ ಆಯಿತು. ಕಾರ್ಖಾನೆಯಲ್ಲಿ ಅವರ ಉಪಕರಣಗಳು, ಅರೆಬರೆ ಕೆತ್ತಿದ ಕಲ್ಲುಗಳು ಹಾಗೇ ಇವೆ. ತೋಟದಲ್ಲಿ ಗಿಡಗಳ ನಡುವೆ ಕಂಚಿನ ದೊಡ್ಡ ಶಿಲ್ಪಗಳು. ಅವುಗಳ ನಡುವೆ ದೊಡ್ಡ ದೊಡ್ಡ ತೂತು. ಇಣುಕಿದರೆ ಆಚೆಯ ಎಲೆ, ಆಕಾಶ ಕಾಣುತ್ತವೆ.

ದಿನಕ್ಕೆ ಅರ್ಧ ಗಂಟೆಯಾದರೂ ಸರಿ, ಕೈ ಬಿಡಬಾರದು ಎಂಬುದು ಆಕೆಯ ನಂಬಿಕೆಯಾಗಿತ್ತು. ಕಸೂತಿಯೋ, ವೀಣೆಯೋ, ನೀವು ಎತ್ತಿಟ್ಟದ್ದನ್ನು ಇವತ್ತೇ ಕೆಳಗಿಳಿಸಿ ನೋಡೋಣ!